ಚರ್ಮಕ್ಕೆ ಚೇತರಿಕೆಯ ಚುಚ್ಚುಮದ್ದು: ಕೊಡಗಿನಲ್ಲಿದ್ದುಕೊಂಡು ಯೋಜಿಸುವ ಬಗೆ

ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ 18ರಂದು ಮದ್ದುಸೊಪ್ಪಿನ ಪಾಯಸ ಉಂಡವರಿಗೆ ಮದ್ದು ಮೈಗೆ ಹತ್ತಿತೋ ಇಲ್ಲವೋ ಎಂಬುದು ಮೂತ್ರದ ಕೆಂಪು ಬಣ್ಣದಿಂದಲೇ ತಿಳಿದುಬಿಡುತ್ತದೆ. ಚರ್ಮದ ಗುಣಮಟ್ಟವನ್ನು ಸುಧಾರಿಸುವುದಕ್ಕೆಂದು ಈಗ ನಗರಗಳ ಕ್ಲಿನಿಕ್‌ಗಳಲ್ಲಿ ಕೊಡುತ್ತಿರುವ ಪುನಶ್ಚೇತನದ ಚುಚ್ಚುಮದ್ದುಗಳಲ್ಲಿ ಅಂಥ ತಕ್ಷಣದ ಗುರುತು ಇಲ್ಲ. ಮರುದಿನ ಕನ್ನಡಿಯಲ್ಲಿ ಕಾಣುವ ತುಂಬುಗೆನ್ನೆ ಒಳಗೆ ಹೋದ ದ್ರವದಿಂದಲೂ ಬಾವಿನಿಂದಲೂ ಆದದ್ದು. ಅದು ಕೆಲವೇ ದಿನಗಳಲ್ಲಿ ಇಳಿಯುತ್ತದೆ, ಇಳಿದಾಗ ಹಣ ನೀರಿಗೆ ಹೋಯಿತೆಂದು ಅನೇಕರು ಬೇಸರಪಡುತ್ತಾರೆ. ನಿಜವಾದ ಬದಲಾವಣೆ ವಾರಗಳು ಕಳೆದ ಮೇಲೆ, ಕೆಲವು ಔಷಧಿಗಳಲ್ಲಿ ತಿಂಗಳುಗಳು ಕಳೆದ ಮೇಲೆ, ಚರ್ಮವು ತನಗೆ ಬಿಗಿ ಕೊಡುವ ಕೊಲಾಜೆನ್ ಎಂಬ ಪ್ರೋಟೀನನ್ನು ತನ್ನೊಳಗೆ ತಾನೇ ಹೊಸದಾಗಿ ನೇಯ್ದುಕೊಂಡಾಗ ಬರುತ್ತದೆ. ಇಲ್ಲಿ ಸಿರಿಂಜಿನ ಕೆಲಸ ಕಡಿಮೆ, ದೇಹದ ಕೆಲಸ ಹೆಚ್ಚು. ಆದ್ದರಿಂದ ಯಾವ ಹೆಸರಿನ ಔಷಧಿ ಎಂದು ಕೇಳುವುದಕ್ಕೆ ಮೊದಲು ಯಾವ ತಿಂಗಳು, ಯಾರ ಕೈ, ತೊಂದರೆಯಾದರೆ ಮರಳಿ ಹೋಗಲು ಎಷ್ಟು ದೂರ ಎಂಬ ಮೂರು ಪ್ರಶ್ನೆಗಳನ್ನು ಕೊಡಗಿನಲ್ಲಿ ವಾಸಿಸುವವರು ಕೇಳಿಕೊಳ್ಳಬೇಕು. ಈ ಬರಹವನ್ನು ಆ ಕ್ರಮದಲ್ಲಿಯೇ ಯೋಚಿಸಿ ಬರೆದಿದ್ದೇನೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ, ವೈದ್ಯರ ಮುಂದೆ ಕೂರುವ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಮುಖಕ್ಕೆ ಚುಚ್ಚುವುದೆಲ್ಲವನ್ನೂ ನಮ್ಮಲ್ಲಿ ಬೊಟಾಕ್ಸ್ ಎಂದೇ ಕರೆಯುವ ರೂಢಿಯಿದೆ. ಬೊಟಾಕ್ಸ್ ಸ್ನಾಯುವಿನ ಚಲನೆಯನ್ನು ಕೆಲವು ತಿಂಗಳು ತಗ್ಗಿಸುತ್ತದೆ, ಅದರಿಂದ ಹಣೆಯ ಗೆರೆಗಳು ಸಡಿಲವಾಗುತ್ತವೆ. ಚರ್ಮವನ್ನು ಹೊಸದಾಗಿ ಕಟ್ಟುವ ಕೆಲಸ ಅದರದ್ದಲ್ಲ. ಫಿಲ್ಲರ್ ಎಂಬುದು ತಗ್ಗಾದ ಜಾಗವನ್ನು ತುಂಬುವ ಗಟ್ಟಿ ಜೆಲ್. ಪುನಶ್ಚೇತನದ ಚುಚ್ಚುಮದ್ದು ಇವೆರಡಕ್ಕಿಂತ ಬೇರೆ. ಅದರ ಗುರಿ ಮುಖದ ಆಕಾರವಲ್ಲ, ಚರ್ಮದ ಹದ; ಎಂದರೆ ತೇವ, ನುಣುಪು, ಬಿಗಿ, ಸೂಕ್ಷ್ಮ ಗೆರೆಗಳು, ಮೊಡವೆಯ ಆಳವಲ್ಲದ ಕಲೆಗಳು. ನಮ್ಮ ಒಳಚರ್ಮದಲ್ಲಿ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಕೊಲಾಜೆನ್, ಎಲಾಸ್ಟಿನ್ ಮತ್ತು ತೇವವನ್ನು ಹಿಡಿದಿಡುವ ಹಯಲುರೊನಿಕ್ ಆಮ್ಲವನ್ನು ತಯಾರಿಸುತ್ತಿರುತ್ತವೆ. ಯೌವನ ಕಳೆದಂತೆ ಕೊಲಾಜೆನ್ ವರ್ಷಕ್ಕೆ ಸುಮಾರು ಶೇಕಡಾ 1ರಂತೆ ಕಡಿಮೆಯಾಗುತ್ತದೆಂದು ಅಂದಾಜು. ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಮಹಿಳೆಯರಲ್ಲಿ ಈ ಇಳಿಕೆ ಬಹಳ ವೇಗ ಪಡೆಯುತ್ತದೆ. ಆ ಜೀವಕೋಶಗಳನ್ನು ಮತ್ತೆ ಕೆಲಸಕ್ಕೆ ಎಬ್ಬಿಸುವುದೇ ಈ ಚಿಕಿತ್ಸೆಗಳೆಲ್ಲದರ ಉದ್ದೇಶ, ಎಬ್ಬಿಸುವ ರೀತಿ ಮಾತ್ರ ಬೇರೆ ಬೇರೆ.

ಸೂಜಿಗೆ ಮುಂಚಿನ ಮೂರು ತಿಂಗಳು

ನಿಮ್ಮ ದೂರು ಯಾವುದೆಂದು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಕೆನ್ನೆಯ ಮೇಲಿನ ಕಂದು ಬಂಗು ನಿಮ್ಮ ಮುಖ್ಯ ದೂರಾಗಿದ್ದರೆ ಈ ಚುಚ್ಚುಮದ್ದುಗಳು ಅದಕ್ಕೆ ಮೊದಲ ಉತ್ತರವಲ್ಲ; ಸೂಜಿಯ ಗಾಯದಿಂದಲೇ ಬಂಗು ಕೆರಳಿ ಇನ್ನಷ್ಟು ಕಪ್ಪಾಗುವ ಸಾಧ್ಯತೆಯೂ ಇದೆ. ಕತ್ತು ಮತ್ತು ದವಡೆಯ ಚರ್ಮ ಪೂರಾ ಜೋತುಬಿದ್ದಿದ್ದರೆ ಯಾವ ಚುಚ್ಚುಮದ್ದೂ ಅದನ್ನು ಮೇಲಕ್ಕೆತ್ತುವುದಿಲ್ಲ. ಕೀವುಗುಳ್ಳೆಗಳು ಇನ್ನೂ ಏಳುತ್ತಿದ್ದರೆ ಮೊದಲು ಮೊಡವೆಗೆ ಔಷಧಿ ಆಗಬೇಕು. ಇನ್ನು ಮೈಬಣ್ಣ ಬಿಳಿಯಾಗಬೇಕೆಂಬ ಬಯಕೆಯಿದ್ದರೆ, ಅದು ಚರ್ಮದ ಗುಣಮಟ್ಟದ ವಿಷಯವೇ ಅಲ್ಲ. ಬಿಳಿ ಮಾಡುವುದಾಗಿ ಹೇಳಿ ರಕ್ತನಾಳಕ್ಕೆ ಹನಿಸುವ ಗ್ಲುಟಾಥಯೋನ್ ಅನ್ನು ಇದೇ ಪಟ್ಟಿಯಲ್ಲಿ ಸೇರಿಸಿ ಮಾರುವ ಜಾಗಗಳಿವೆ. ಅಂಥ ಪಟ್ಟಿಯನ್ನು ಕಂಡರೆ ಎದ್ದು ಬರುವುದು ಲೇಸು.

ಮುಖಕ್ಕೆ ಏನೇನು ಹಚ್ಚುತ್ತಿದ್ದೀರಿ ಎಂಬುದನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಚೀಟಿಯಿಲ್ಲದೆ ಔಷಧಿ ಅಂಗಡಿಯಲ್ಲಿ ಕೊಂಡ, ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಅಥವಾ ಮೊಮೆಟಾಸೋನ್ ಎಂಬ ಸ್ಟೆರಾಯ್ಡ್ ಬೆರೆತ ಮುಲಾಮುಗಳನ್ನು ವರ್ಷಗಟ್ಟಲೆ ಫೇರ್‌ನೆಸ್ ಕ್ರೀಮಿನಂತೆ ಹಚ್ಚಿಕೊಂಡವರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಸ್ಟೆರಾಯ್ಡ್ ಚರ್ಮವನ್ನು ತೆಳುಮಾಡುತ್ತದೆ, ಸೂಕ್ಷ್ಮ ರಕ್ತನಾಳಗಳನ್ನು ಹೊರಗೆ ಕಾಣಿಸುತ್ತದೆ, ನಿಲ್ಲಿಸಿದಾಗ ಮುಖವನ್ನು ಕೆಂಪಾಗಿ ಉರಿಸುತ್ತದೆ. ಇಂಥ ಚರ್ಮವನ್ನು ತಜ್ಞರು ತಿಂಗಳುಗಳ ಕಾಲ ನೋಡಿ ಸಾಧಾರಣ ಸ್ಥಿತಿಗೆ ತಂದ ಮೇಲೆ ಮಾತ್ರ ಸೂಜಿಯ ಮಾತು. ಹೇಳಲು ಸಂಕೋಚವಾದರೆ ಆ ಟ್ಯೂಬನ್ನೇ ಕೈಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ.

ಬಿಸಿಲಿನ ವಿಷಯದಲ್ಲಿ ಕೊಡಗಿನವರಿಗೆ ಒಂದು ಭ್ರಮೆಯಿದೆ. ಹವೆ ತಂಪಾಗಿರುವುದರಿಂದ ಬಿಸಿಲು ನಮ್ಮನ್ನು ಏನೂ ಮಾಡುವುದಿಲ್ಲವೆಂದು ನಂಬುತ್ತೇವೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಪ್ರತಿ 1,000 ಮೀಟರ್ ಏರಿದಂತೆ ಅತಿನೇರಳೆ ಕಿರಣಗಳ ತೀವ್ರತೆ ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತದೆ, ತೆಳುಮೋಡ ಅದರ ಹೆಚ್ಚಿನ ಪಾಲನ್ನು ಕೆಳಗೆ ಬಿಟ್ಟುಕೊಡುತ್ತದೆ. ಮರದ ನೆರಳಿನ ತೋಟದಲ್ಲಿ ನಿಂತವರಿಗಿಂತ ಕಣದಲ್ಲಿ ಕಾಫಿ ಹರವುವವರಿಗೆ, ಏಪ್ರಿಲ್–ಮೇ ತಿಂಗಳ ಹಾಕಿ ಮೈದಾನದ ಗ್ಯಾಲರಿಯಲ್ಲಿ ದಿನವಿಡೀ ಕುಳಿತವರಿಗೆ ಇದು ಹೆಚ್ಚು ತಾಗುತ್ತದೆ. ಹಾಗಾಗಿ ಚುಚ್ಚಿಸಿಕೊಳ್ಳುವ ಯೋಚನೆ ಬಂದ ದಿನದಿಂದಲೇ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ, ಯುವಿಎ ಮತ್ತು ಯುವಿಬಿ ಎಂಬ ಅತಿನೇರಳೆ ಕಿರಣಗಳೆರಡನ್ನೂ ತಡೆಯುವ ಸನ್‌ಸ್ಕ್ರೀನ್ ಅನ್ನು ಎರಡು ಬೆರಳುದ್ದದಷ್ಟು ತೆಗೆದು ಮುಖ ಮತ್ತು ಕತ್ತಿಗೆ ಹಚ್ಚುವ ಅಭ್ಯಾಸ ಮಾಡಿ. ಹೊರಗಿರುವ ದಿನ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಬಂಗು ಇರುವವರು ಕಬ್ಬಿಣದ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಆರಿಸಿಕೊಂಡರೆ ಕಣ್ಣಿಗೆ ಕಾಣುವ ಬೆಳಕಿನಿಂದಲೂ ರಕ್ಷಣೆ ಸಿಗುತ್ತದೆ. ಮೂರು ತಿಂಗಳು ಹೀಗೆ ನಡೆದುಕೊಂಡು, ವೈದ್ಯರು ಬರೆದುಕೊಟ್ಟರೆ ರಾತ್ರಿ ರೆಟಿನಾಯ್ಡ್ (ವಿಟಮಿನ್ ಎ ವರ್ಗದ) ಮುಲಾಮು ಹಚ್ಚಿದವರಲ್ಲಿ ಕೆಲವರಿಗೆ ಚುಚ್ಚುಮದ್ದಿನ ಅಗತ್ಯವೇ ಉಳಿಯುವುದಿಲ್ಲ. ಕ್ಲಿನಿಕ್‌ಗೆ ಇದರಿಂದ ಲಾಭವಿಲ್ಲವಾದ್ದರಿಂದ ಯಾರೂ ಒತ್ತಿ ಹೇಳುವುದಿಲ್ಲ.

ಸಿರಿಂಜಿನಲ್ಲಿ ಇರುವುದೇನು

ಎಲ್ಲಕ್ಕಿಂತ ಹೆಚ್ಚು ಸಿಗುವುದು ಮತ್ತು ಸಾಮಾನ್ಯವಾಗಿ ಕಡಿಮೆ ಖರ್ಚಿನದು ಪಿಆರ್‌ಪಿ, ಎಂದರೆ ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾ. ನಿಮ್ಮ ತೋಳಿನಿಂದ ಸುಮಾರು 10ರಿಂದ 20 ಮಿಲಿಲೀಟರ್ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಕೆಂಪುಕಣಗಳನ್ನು ಬೇರ್ಪಡಿಸಿ, ಪ್ಲೇಟ್‌ಲೆಟ್‌ಗಳು ದಟ್ಟವಾಗಿರುವ ಹಳದಿ ದ್ರವವನ್ನು ಮುಖಕ್ಕೆ ಸಣ್ಣ ಸಣ್ಣ ಹನಿಗಳಾಗಿ ಚುಚ್ಚುತ್ತಾರೆ. ಗಾಯವಾದಾಗ ದುರಸ್ತಿಗೆ ಕರೆ ಕೊಡುವ ಬೆಳವಣಿಗೆಯ ಅಂಶಗಳು ಪ್ಲೇಟ್‌ಲೆಟ್‌ಗಳ ಒಳಗಿರುತ್ತವೆ. ಸಾಮಾನ್ಯ ರಕ್ತದಲ್ಲಿ ಒಂದು ಮೈಕ್ರೊಲೀಟರಿಗೆ 1.5 ಲಕ್ಷದಿಂದ 4.5 ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಒಳ್ಳೆಯ ಪಿಆರ್‌ಪಿಯಲ್ಲಿ ಅದು ಸುಮಾರು 10 ಲಕ್ಷಕ್ಕೆ ಏರಬೇಕೆಂಬುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ. ಇಲ್ಲಿಯೇ ಇದರ ಬಲವೂ ದೌರ್ಬಲ್ಯವೂ ಇರುವುದು. ತಮ್ಮದೇ ರಕ್ತವಾದ್ದರಿಂದ ಅಲರ್ಜಿಯ ಭಯ ಬಹಳ ಕಡಿಮೆ. ಆದರೆ ಯಂತ್ರ, ತಿರುಗಿಸುವ ವೇಗ, ತಂತ್ರಜ್ಞರ ಕೈ, ಆ ದಿನದ ನಿಮ್ಮ ರಕ್ತ ಇವು ಬದಲಾದಂತೆ ದ್ರವದ ಗುಣವೂ ಬದಲಾಗುತ್ತದೆ, ಆದ್ದರಿಂದ ಒಬ್ಬರಿಗೆ ಬಂದ ಫಲ ಇನ್ನೊಬ್ಬರಿಗೆ ಬರುವುದೆಂಬ ಖಾತರಿಯಿಲ್ಲ. ಸಾಮಾನ್ಯವಾಗಿ ತಿಂಗಳಿಗೊಂದರಂತೆ ಮೂರು ಸಿಟಿಂಗ್ ಆಗುತ್ತವೆ. ಮಳೆಗಾಲದಲ್ಲಿ ಡೆಂಗಿ ಬಂದುಹೋದವರು ಪ್ಲೇಟ್‌ಲೆಟ್ ಎಣಿಕೆ ಸರಿಯಾಗಿ ಮರಳಿದೆಯೆಂದು ರಕ್ತಪರೀಕ್ಷೆಯಿಂದ ತಿಳಿದುಕೊಳ್ಳದೆ ಪಿಆರ್‌ಪಿಗೆ ಹೋಗಬಾರದು.

ಸ್ಕಿನ್ ಬೂಸ್ಟರ್ ಎಂದು ಕರೆಯುವುದು ತೆಳುವಾದ ಹಯಲುರೊನಿಕ್ ಆಮ್ಲವನ್ನು. ಚರ್ಮದಲ್ಲಿ ಸಹಜವಾಗಿರುವ ಹಯಲುರೊನಿಕ್ ಆಮ್ಲ ಒಂದೆರಡು ದಿನಗಳಲ್ಲಿಯೇ ಕರಗಿ ಹೊಸದಾಗುತ್ತಿರುತ್ತದೆ. ಅದಕ್ಕಾಗಿ ಔಷಧಿಯ ರೂಪದಲ್ಲಿ ಅದನ್ನು ಸ್ವಲ್ಪ ಬೆಸೆದು ಅಥವಾ ಬಿಸಿಯಿಂದ ಸ್ಥಿರಗೊಳಿಸಿ ಹೆಚ್ಚು ಕಾಲ ಉಳಿಯುವಂತೆ ಮಾಡಿರುತ್ತಾರೆ. ಪ್ರೊಫೈಲೊ ಎಂಬ ಹೆಸರಿನದನ್ನು ಉದಾಹರಣೆಗೆ ತೆಗೆದುಕೊಂಡರೆ, 2 ಮಿಲಿಲೀಟರಿನ ಸಿರಿಂಜಿನಲ್ಲಿ 64 ಮಿಲಿಗ್ರಾಂ ಹಯಲುರೊನಿಕ್ ಆಮ್ಲ ಇರುತ್ತದೆ, ಮುಖದ ಒಂದೊಂದು ಬದಿಗೆ ಐದೈದು ಕಡೆ ಮಾತ್ರ ಚುಚ್ಚಿ, ತಿಂಗಳ ನಂತರ ಇನ್ನೊಮ್ಮೆ ಚುಚ್ಚುತ್ತಾರೆ. ಒಣಗಿ, ಬಾಡಿ, ಕಾಗದದಂತೆ ಸುಕ್ಕಾಗುವ ಚರ್ಮಕ್ಕೆ ಇದು ಹೊಂದುತ್ತದೆ. ಡಿಸೆಂಬರ್–ಜನವರಿಯ ಒಣಗಾಳಿಯಲ್ಲಿ ಕೆನ್ನೆ ಬಿರಿಯುವವರಿಗೆ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. ಆರೆಂಟು ತಿಂಗಳಲ್ಲಿ ಪರಿಣಾಮ ಇಳಿಯುತ್ತದೆ. ಇದರ ದೊಡ್ಡ ಅನುಕೂಲವೆಂದರೆ, ಏನಾದರೂ ತಪ್ಪಾದರೆ ಹಯಲುರೊನಿಡೇಸ್ ಎಂಬ ಕಿಣ್ವ ಚುಚ್ಚಿ ಕರಗಿಸಬಹುದು. ಈ ಅನುಕೂಲ ಮುಂದೆ ಹೇಳುವ ಯಾವುದಕ್ಕೂ ಇಲ್ಲ, ನೆನಪಿರಲಿ.

ಪಾಲಿನ್ಯೂಕ್ಲಿಯೋಟೈಡ್ ಎಂಬುದನ್ನು ಜನ ಮೀನಿನ ಇಂಜೆಕ್ಷನ್ ಎಂದು ಕರೆಯತೊಡಗಿದ್ದಾರೆ. ಸಾಲ್ಮನ್ ಅಥವಾ ಟ್ರೌಟ್ ಮೀನಿನ ವೀರ್ಯದಿಂದ ಪಡೆದ ಡಿಎನ್‌ಎಯನ್ನು ಶುದ್ಧೀಕರಿಸಿ, ತುಂಡುಮಾಡಿ ತಯಾರಿಸುವುದರಿಂದ ಆ ಹೆಸರು. ಕೊರಿಯಾದಲ್ಲಿ ಬಹುಬಳಕೆಯಲ್ಲಿರುವ ರೆಜುರಾನ್ ಈ ಬಗೆಯದು. ಉರಿಯೂತವನ್ನು ತಗ್ಗಿಸಿ ದುರಸ್ತಿಗೆ ಅನುವು ಮಾಡುವುದು ಇದರ ಗುಣವೆಂದು ಹೇಳುತ್ತಾರೆ. ಕಣ್ಣಿನ ಕೆಳಗಿನ ತೆಳುಚರ್ಮಕ್ಕೂ ಬಳಸುತ್ತಾರೆ. ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ ಮೂರು ಅಥವಾ ನಾಲ್ಕು ಸಿಟಿಂಗ್ ಬೇಕಾಗುತ್ತವೆ. ಮೀನು ತಿಂದರೆ ಮೈಯಲ್ಲಿ ದದ್ದು ಏಳುವವರು ಅದನ್ನು ಮೊದಲೇ ಹೇಳಬೇಕು.

ಇನ್ನೆರಡು ಔಷಧಿಗಳು ಕೊಲಾಜೆನ್ ಬೆಳೆಸುವ ಬಲದಲ್ಲಿ ಮುಂದಿವೆ, ಹಾಗೆಯೇ ಅನುಭವಿ ಕೈಯನ್ನು ಹೆಚ್ಚು ಬೇಡುತ್ತವೆ. ಪಾಲಿ ಎಲ್ ಲ್ಯಾಕ್ಟಿಕ್ ಆಮ್ಲದ ಪುಡಿಯನ್ನು ಶುದ್ಧನೀರಿನಲ್ಲಿ ಕಲಸಿ ಚುಚ್ಚುತ್ತಾರೆ. ಅದರ ಕಣಗಳು ಮೆಲ್ಲಗೆ ಕರಗುವಾಗ ಸುತ್ತಲೂ ಕೊಲಾಜೆನ್ ಕಟ್ಟಿಕೊಳ್ಳುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇದನ್ನು 2004ರಲ್ಲಿ ಎಚ್‌ಐವಿ ಪೀಡಿತರ ಸೊರಗಿದ ಕೆನ್ನೆಗಾಗಿ ಮೊದಲು ಒಪ್ಪಿತು, ಸೌಂದರ್ಯದ ಬಳಕೆಗೆ ಒಪ್ಪಿಗೆ ಬಂದದ್ದು 2009ರಲ್ಲಿ. ಫಲ ಕಾಣಲು ಎರಡು ಮೂರು ತಿಂಗಳು ಬೇಕು, ಉಳಿಯುವುದು ಸುಮಾರು ಎರಡು ವರ್ಷ. ಚುಚ್ಚಿಸಿಕೊಂಡ ಮೇಲೆ ಐದು ದಿನ, ದಿನಕ್ಕೆ ಐದು ಬಾರಿ, ಪ್ರತಿ ಬಾರಿ ಐದು ನಿಮಿಷ ಮುಖವನ್ನು ಮಾಲಿಶ್ ಮಾಡಬೇಕೆಂಬ ನಿಯಮ ಇದಕ್ಕೆ ಮಾತ್ರ ಸೇರಿದ್ದು. ಕಣಗಳು ಒಂದೆಡೆ ಕೂಡಿ ಗಂಟಾಗದಿರಲೆಂದು ಈ ಕ್ರಮ. ಇನ್ನೊಂದು ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್. ಇದನ್ನು ಗಟ್ಟಿಯಾಗಿ ಚುಚ್ಚಿದರೆ ಫಿಲ್ಲರ್, ಸಲೈನಿನಲ್ಲಿ ಚೆನ್ನಾಗಿ ತೆಳುಮಾಡಿ ಚುಚ್ಚಿದರೆ ಕತ್ತಿನ ಮತ್ತು ಎದೆಯ ಮೇಲ್ಭಾಗದ ಸುಕ್ಕಿಗೆ ಪುನಶ್ಚೇತನ. ಎರಡನ್ನೂ ಕರಗಿಸುವ ಮದ್ದು ಇಲ್ಲ. ಗಂಟು ಕಟ್ಟಿದರೆ ತಿಂಗಳುಗಟ್ಟಲೆ ಕಾಯಬೇಕು, ಮತ್ತೆ ಮತ್ತೆ ವೈದ್ಯರಲ್ಲಿಗೆ ಓಡಾಡಬೇಕು. ಮೊದಲ ಬಾರಿ ಚಿಕಿತ್ಸೆಗೆ ಹೋಗುವವರಿಗೆ ಇವೆರಡರಿಂದ ಆರಂಭಿಸುವಂತೆ ನಾನಂತೂ ಹೇಳುವುದಿಲ್ಲ.

ಎಕ್ಸೋಸೋಮ್, ಎಂದರೆ ಜೀವಕೋಶಗಳು ಹೊರಬಿಡುವ ಅತಿಸೂಕ್ಷ್ಮ ಚೀಲಗಳು, ಎಂಬ ಹೆಸರು ಈಚೆಗೆ ಎಲ್ಲ ಜಾಹೀರಾತುಗಳಲ್ಲಿಯೂ ಇದೆ. ಯಾವ ಎಕ್ಸೋಸೋಮ್ ಉತ್ಪನ್ನಕ್ಕೂ ಎಫ್‌ಡಿಎ ಅನುಮೋದನೆ ಕೊಟ್ಟಿಲ್ಲ; 2019ರ ಡಿಸೆಂಬರ್‌ನಲ್ಲಿ ಅದು ಸಾರ್ವಜನಿಕ ಎಚ್ಚರಿಕೆಯನ್ನೂ ಹೊರಡಿಸಿತ್ತು. ಮಾರುಕಟ್ಟೆಯ ಅನೇಕ ಸೀಸೆಗಳ ಮೇಲೆ ಹೊರಗೆ ಹಚ್ಚಲು ಮಾತ್ರ ಎಂದೇ ಬರೆದಿರುತ್ತದೆ. ಹಚ್ಚಲು ಮಾಡಿದ್ದನ್ನು ಚುಚ್ಚಿಸಿಕೊಳ್ಳಬೇಡಿ.

ಯಾರು ಮುಂದೂಡಬೇಕು

ಗರ್ಭಿಣಿಯರು, ಎದೆಹಾಲು ಕೊಡುತ್ತಿರುವ ತಾಯಂದಿರು, ಮುಖದಲ್ಲಿ ಸೋಂಕು ಅಥವಾ ಕೀವುಗುಳ್ಳೆ ಇರುವವರು, ಗಾಯ ಮಾಗಿದ ಮೇಲೆ ದಪ್ಪ ಗಂಟಾಗಿ ಬೆಳೆಯುವ ಕೆಲಾಯ್ಡ್ ಪ್ರವೃತ್ತಿಯವರು, ಲೂಪಸ್‌ನಂಥ ಸ್ವಯಂನಿರೋಧಕ ಕಾಯಿಲೆ ಕೆರಳಿರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಈ ಯೋಚನೆಯನ್ನು ಮುಂದೂಡಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ಮಾಗುವುದೂ ನಿಧಾನ, ಕೊಲಾಜೆನ್ ಕಟ್ಟುವುದೂ ನಿಧಾನ. ಹೃದಯದ ತೊಂದರೆಗಾಗಿ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮುಖದ ಅಂದಕ್ಕಾಗಿ ಅದನ್ನು ತಾವಾಗಿ ನಿಲ್ಲಿಸಲೇಬಾರದು; ಮಾತ್ರೆ ಬರೆದುಕೊಟ್ಟ ವೈದ್ಯರ ಒಪ್ಪಿಗೆಯಿಲ್ಲದೆ ಒಂದು ದಿನವೂ ಬಿಡುವುದು ಸಲ್ಲ. ತುಟಿಯ ಸುತ್ತ ಆಗಾಗ ಹರ್ಪಿಸ್ ಗುಳ್ಳೆಗಳು ಏಳುವವರಿಗೆ ಸೂಜಿಯ ನಂತರ ಅದು ಮರುಕಳಿಸುವುದುಂಟು, ಮೊದಲೇ ಹೇಳಿದರೆ ತಡೆಯುವ ಮಾತ್ರೆ ಕೊಡುತ್ತಾರೆ. ಬೀಡಿ ಸಿಗರೇಟು ಸೇದುವವರು ಹಣ ಖರ್ಚು ಮಾಡುವ ಮೊದಲು ಅದನ್ನು ಬಿಟ್ಟರೆ ಚರ್ಮ ಅರ್ಧದಾರಿ ತಾನೇ ಬರುತ್ತದೆ.

ವೈದ್ಯರನ್ನೂ ಊರನ್ನೂ ಆರಿಸುವುದು

ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಸುಮಾರು 140, ಬೆಂಗಳೂರು ಸುಮಾರು 260. ಬಹುತೇಕರು ಮೈಸೂರಿಗೋ ಬೆಂಗಳೂರಿಗೋ ಹೋಗಿ ಚುಚ್ಚಿಸಿಕೊಂಡು ಅದೇ ಸಂಜೆ ಮನೆಗೆ ಮರಳುತ್ತಾರೆ. ಅಪರೂಪಕ್ಕೆ ಬರುವ ದೊಡ್ಡ ಅಪಾಯ, ಎಂದರೆ ಔಷಧಿಯು ರಕ್ತನಾಳವನ್ನು ಮುಚ್ಚಿ ಚರ್ಮಕ್ಕೆ ರಕ್ತ ಹೋಗದಿರುವುದು, ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಆ ಕ್ಷಣದಿಂದ ಮುಂದಿನ ಒಂದೆರಡು ದಿನಗಳ ಒಳಗೆ. ಆ ಹೊತ್ತಿಗೆ ನೀವು ಘಟ್ಟದ ಮೇಲಿನ ತೋಟದ ಮನೆಯಲ್ಲಿ, ಮೊಬೈಲ್ ಸಿಗ್ನಲ್‌ಗಾಗಿ ಅಂಗಳದ ಮೂಲೆಗೆ ಓಡುವ ಸ್ಥಿತಿಯಲ್ಲಿ ಇರಬಾರದು. ಆದ್ದರಿಂದ ಮೊದಲ ಸಿಟಿಂಗ್ ಆದ ರಾತ್ರಿ ಅದೇ ಊರಿನಲ್ಲಿ ನೆಂಟರ ಮನೆಯಲ್ಲಿ ಉಳಿದುಕೊಳ್ಳಿ, ಮರುದಿನ ಮುಖವನ್ನು ಮತ್ತೊಮ್ಮೆ ತೋರಿಸಿ ಹೊರಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಮಂಗಳೂರಿನ ರಸ್ತೆಯೇ ಇಲ್ಲದಂತಾದದ್ದನ್ನು ಕಂಡ ನಾವು ಜುಲೈ–ಆಗಸ್ಟ್ ತಿಂಗಳಿಗೆ ಮಂಗಳೂರಿನಲ್ಲಿ ಇಂಥ ದಿನಾಂಕ ತೆಗೆದುಕೊಳ್ಳುವುದು ಜಾಣತನವಲ್ಲ.

ಚುಚ್ಚುವವರು ಚರ್ಮರೋಗದಲ್ಲಿ ಎಂಡಿ ಅಥವಾ ಡಿಪ್ಲೊಮಾ ಪಡೆದ ತಜ್ಞರೋ, ಪ್ಲಾಸ್ಟಿಕ್ ಸರ್ಜನ್ನರೋ ಆಗಿರಬೇಕು. ಹೆಸರಿನ ಮುಂದೆ ಡಾಕ್ಟರ್ ಎಂದಿದ್ದ ಮಾತ್ರಕ್ಕೆ ಸಾಲದು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಚೀಟಿಯಲ್ಲಿ ನೋಡಿ, ಕ್ಲಿನಿಕ್ಕಿನ ಗೋಡೆಯ ಮೇಲೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರವಿದೆಯೇ ನೋಡಿ. ಬ್ಯೂಟಿ ಪಾರ್ಲರಿನಲ್ಲಿ, ಹೋಂಸ್ಟೇ ಕೋಣೆಯಲ್ಲಿ, ವಾರಾಂತ್ಯದ ಶಿಬಿರದಲ್ಲಿ ಯಾವ ಬೆಲೆಗೂ ಚುಚ್ಚಿಸಿಕೊಳ್ಳಬೇಡಿ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಪರವಾನಗಿಯಿಲ್ಲದ ಒಂದು ಸ್ಪಾದಲ್ಲಿ ಪಿಆರ್‌ಪಿಯನ್ನು ಸೂಕ್ಷ್ಮಸೂಜಿಗಳ ಜೊತೆ ಮಾಡಿಸಿಕೊಂಡ ಕನಿಷ್ಠ ಮೂವರಿಗೆ ಎಚ್‌ಐವಿ ತಗಲಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ವರದಿ ಮಾಡಿದೆ. ರಕ್ತವನ್ನು ಹೊರತೆಗೆದು ಮತ್ತೆ ಒಳಗೆ ಹಾಕುವ ಚಿಕಿತ್ಸೆಯಲ್ಲಿ ಟ್ಯೂಬಿನ ಮೇಲೆ ನಿಮ್ಮ ಹೆಸರನ್ನು ನಿಮ್ಮ ಕಣ್ಣೆದುರಿಗೇ ಬರೆಯಬೇಕು, ಸೂಜಿ ಸಿರಿಂಜುಗಳ ಪೊಟ್ಟಣವನ್ನು ನಿಮ್ಮ ಮುಂದೆಯೇ ಒಡೆಯಬೇಕು. ಹಾಗೆ ಕೇಳುವುದು ಅವಮರ್ಯಾದೆಯಲ್ಲ.

ವೈದ್ಯರಲ್ಲಿ ಕೇಳಬೇಕಾದ ಮಾತುಗಳು ಕೆಲವೇ. ನನ್ನ ಚರ್ಮಕ್ಕೆ ಇದೇ ಯಾಕೆ, ಹಚ್ಚುವ ಮುಲಾಮಿನಿಂದ ಆಗದೇ? ಔಷಧಿಯ ಹೆಸರೇನು, ಸೀಲು ಇರುವ ಡಬ್ಬಿಯನ್ನು ತೋರಿಸುವಿರಾ? ಒಟ್ಟು ಎಷ್ಟು ಸಿಟಿಂಗ್, ಪೂರ್ತಿ ಖರ್ಚೆಷ್ಟು? ಹಯಲುರೊನಿಡೇಸ್ ಈಗ ನಿಮ್ಮ ಫ್ರಿಜ್ಜಿನಲ್ಲಿ ಇದೆಯೇ? ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಲಿ? ಕೊನೆಯ ಎರಡು ಪ್ರಶ್ನೆಗಳಿಗೆ ತಡವರಿಸಿದರೆ ಮುಂದಿನದನ್ನು ಕೇಳುವ ಅಗತ್ಯವಿಲ್ಲ. ನಾನು ಮೊದಲ ಬಾರಿ ಹೋದ ನಗರದ ಕ್ಲಿನಿಕ್ಕಿನಲ್ಲಿ ಡಬ್ಬಿಯನ್ನು ನೋಡಲು ಕೇಳಿದಾಗ, ಒಳಗಿನ ಕೋಣೆಯಲ್ಲಿ ಸಿರಿಂಜಿಗೆ ಆಗಲೇ ತುಂಬಿಯಾಗಿದೆ ಎಂಬ ಉತ್ತರ ಬಂತು. ಬಂದ ದಾರಿಯ ಪೆಟ್ರೋಲ್ ದಂಡವಾಯಿತೆಂದು ಯೋಚಿಸುತ್ತ ಚುಚ್ಚಿಸಿಕೊಂಡೆ. ಮುಖಕ್ಕೆ ಏನೂ ಆಗಲಿಲ್ಲ, ಒಳ್ಳೆಯದೂ ಆಗಲಿಲ್ಲ. ಒಳಗೆ ಹೋದದ್ದು ಏನೆಂದು ಇಂದಿಗೂ ನನಗೆ ತಿಳಿಯದು. ಪೂರ್ತಿ ಪ್ಯಾಕೇಜಿನ ಹಣವನ್ನು ಮುಂಗಡ ಕಟ್ಟುವುದು ಬೇಡ. ಸೌಂದರ್ಯ ಚಿಕಿತ್ಸೆಗೆ ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಹಣ ಕೊಡುವುದಿಲ್ಲ.

ಮದುವೆಯ ದಿನದಿಂದ ಹಿಂದಕ್ಕೆ ಎಣಿಸುವುದು

ಕಾಫಿ ಬೆಳೆಯುವವರಿಗೆ ಇದನ್ನು ವಿವರಿಸುವುದು ಸುಲಭ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ಮಾತ್ರಕ್ಕೆ ಫಸಲು ಕೈಗೆ ಬಂದಂತಲ್ಲ. ಎರಡು ಮೂರು ವಾರಗಳಲ್ಲಿ ಬ್ಯಾಕಿಂಗ್ ಮಳೆ ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ. ಎರಡನೆಯ ಮತ್ತು ಮೂರನೆಯ ಸಿಟಿಂಗುಗಳ ಸ್ಥಾನವೂ ಅಂಥದೇ. ಮೊದಲನೆಯದನ್ನು ಮಾಡಿಸಿಕೊಂಡು, ಆಮೇಲೆ ಕೊಯ್ಲಿನ ಗಡಿಬಿಡಿಯಲ್ಲಿ ಬಿಟ್ಟವರೇ ಫಲವಿಲ್ಲವೆಂದು ದೂರುವವರಲ್ಲಿ ಹೆಚ್ಚು.

ಮದುವೆ ಏಪ್ರಿಲ್–ಮೇ ತಿಂಗಳಲ್ಲಿದ್ದರೆ ಮೊದಲ ಸಿಟಿಂಗ್ ಅಕ್ಟೋಬರ್‌ನಲ್ಲಿ, ತುಲಾ ಸಂಕ್ರಮಣದ ತೀರ್ಥಸ್ನಾನ ಮುಗಿದ ಮೇಲೆ ಇಟ್ಟುಕೊಳ್ಳಿ. ಹೊಸ ಸೂಜಿಗಾಯಗಳ ಮೇಲೆ ನೂರಾರು ಜನ ಮಿಂದ ಕೊಳದ ನೀರು ಬೀಳುವುದು ಬೇಡ. ಎರಡನೆಯದು ಪುತ್ತರಿಗೆ ಮೊದಲು, ಮೂರನೆಯದು ಡಿಸೆಂಬರ್‌ನಲ್ಲಿ, ರೊಬಸ್ಟಾ ಕೊಯ್ಲು ಬಿರುಸಾಗುವ ಮುನ್ನ. ಉಳಿದ ಮೂರು ತಿಂಗಳು ಕೊಲಾಜೆನ್‌ಗೆ ಬಿಟ್ಟುಕೊಡಿ. ಮದುವೆ ಡಿಸೆಂಬರ್ ಕೊನೆಗಿದ್ದರೆ ಸೆಪ್ಟೆಂಬರ್ ಆರಂಭದ ಕೈಲ್‌ಪೊದ್ ಹಬ್ಬ ಮುಗಿದ ಕೂಡಲೇ ಆರಂಭಿಸಬೇಕು. ಕಕ್ಕಡದ ತಿಂಗಳಲ್ಲಿ ಮದುವೆಗಳಿಲ್ಲ, ಬಿಸಿಲೂ ಇಲ್ಲ ಎಂಬ ಕಾರಣಕ್ಕೆ ಅದು ಸೂಕ್ತ ಕಾಲವೆಂದು ತೋರಬಹುದು. ಆದರೆ ನಾಟಿಯ ಗದ್ದೆಯ ಕೆಸರು, ಒಣಗದ ಟವಲು, ಕೈಕೊಡುವ ರಸ್ತೆ ಮತ್ತು ಕರೆಂಟು ಇವನ್ನು ನೋಡಿದರೆ ಆ ತಿಂಗಳು ಬೇಡವೆಂದೇ ನನ್ನ ಅಭಿಪ್ರಾಯ. ಯಾವುದೇ ಸಮಾರಂಭಕ್ಕೆ ನಾಲ್ಕು ವಾರಗಳ ಒಳಗೆ ಹೊಸದೊಂದು ಚುಚ್ಚುಮದ್ದನ್ನು ಮೊದಲ ಬಾರಿ ಪ್ರಯತ್ನಿಸಬಾರದು. ನನ್ನ ಅತ್ತಿಗೆ ಮಗನ ಮದುವೆಗೆ ನಾಲ್ಕು ದಿನವಿರುವಾಗ ಮಾಡಿಸಿಕೊಂಡರು. ಫೋಟೋಗಳಲ್ಲಿ ಇಂದಿಗೂ ಅವರು ಎಡಗೆನ್ನೆಯ ನೀಲಿಯನ್ನು ಸೆರಗಿನಿಂದ ಮರೆಮಾಡಿಕೊಂಡು ನಿಂತಿದ್ದಾರೆ.

ಆ ವಾರ, ಆ ದಿನ

ಚಿಕಿತ್ಸೆಗೆ ಒಂದು ವಾರ ಮುಂಚಿನಿಂದ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ನೀವಾಗಿ ನುಂಗಬೇಡಿ. ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮೀನೆಣ್ಣೆ, ವಿಟಮಿನ್ ಇ ಮಾತ್ರೆಗಳನ್ನೂ ವೈದ್ಯರನ್ನು ಕೇಳಿ ಬಿಡಿ. ರೆಟಿನಾಯ್ಡ್ ಮುಲಾಮನ್ನು ಮೂರರಿಂದ ಐದು ದಿನ ಮೊದಲೇ ನಿಲ್ಲಿಸಿ. ಹಿಂದಿನ ದಿನದ ಊಟದಲ್ಲಿ ಮದ್ಯ ಬೇಡ. ನಮ್ಮ ಕಡೆ ಇದು ಸಣ್ಣ ಸೂಚನೆಯಲ್ಲವೆಂದು ನನಗೆ ಗೊತ್ತು. ಹಲ್ಲಿನ ಚಿಕಿತ್ಸೆ ಅಥವಾ ಲಸಿಕೆ ಇದ್ದರೆ ಎರಡಕ್ಕೂ ಎರಡು ವಾರದ ಅಂತರ ಇರಲಿ. ಜ್ವರ, ಕೆಮ್ಮು, ಗಂಟಲುನೋವು ಇದ್ದರೆ ದಿನಾಂಕವನ್ನು ಮುಂದಕ್ಕೆ ಹಾಕಿ.

ಬೆಳಿಗ್ಗೆ ತಿಂಡಿ ತಿಂದು, ಚೆನ್ನಾಗಿ ನೀರು ಕುಡಿದು ಹೊರಡಿ. ಪಿಆರ್‌ಪಿಗೆ ರಕ್ತ ಕೊಡುವವರು ಖಾಲಿಹೊಟ್ಟೆಯಲ್ಲಿ ಹೋಗಿ ತಲೆ ತಿರುಗಿ ಬೀಳುವುದುಂಟು. ಮೇಕಪ್ ಇಲ್ಲದ ಮುಖಕ್ಕೆ ಮರಗಟ್ಟಿಸುವ ಮುಲಾಮು ಹಚ್ಚಿ ಅರ್ಧದಿಂದ ಮುಕ್ಕಾಲು ಗಂಟೆ ಕೂರಿಸುತ್ತಾರೆ, ಆಮೇಲೆ ಫೋಟೋ ತೆಗೆದು, ಚರ್ಮವನ್ನು ಶುದ್ಧಗೊಳಿಸಿ ಚುಚ್ಚಲು ತೊಡಗುತ್ತಾರೆ. ತೆಳು ಸೂಜಿಯ ಚುಚ್ಚುವಿಕೆ ಇರುವೆ ಕಚ್ಚಿದಷ್ಟು. ಪಾಲಿನ್ಯೂಕ್ಲಿಯೋಟೈಡ್ ಮಾತ್ರ ಒಳಗೆ ಹೋಗುವಾಗ ಸ್ವಲ್ಪ ಹೆಚ್ಚು ಉರಿಯುತ್ತದೆ. ತುದಿ ಮೊಂಡಾದ ಕ್ಯಾನುಲಾ ಎಂಬ ಕೊಳವೆಸೂಜಿ ಬಳಸಿದರೆ ನೀಲಿಗಟ್ಟುವುದು ಕಡಿಮೆ. ಮುಗಿದಾಗ ಮುಖದ ಮೇಲೆ ಸೊಳ್ಳೆ ಕಚ್ಚಿದಂಥ ಉಬ್ಬುಗಳು ಕಾಣುತ್ತವೆ, ಅವು ಕೆಲವು ಗಂಟೆಗಳಿಂದ ಒಂದೆರಡು ದಿನಗಳಲ್ಲಿ ಇಳಿಯುತ್ತವೆ.

ಮೇಲೆ ಹೇಳಿದ ಮಾಲಿಶಿನ ನಿಯಮ ನಿಮಗೆ ಇಲ್ಲದಿದ್ದರೆ ಅಂದು ಮುಖವನ್ನು ಮುಟ್ಟಬೇಡಿ, ಯಾರೂ ಮೇಕಪ್ ಹಚ್ಚಬೇಡಿ, ಗವುಸಿಲ್ಲದ ದಿಂಬಿಗೆ ಕೆನ್ನೆ ಒತ್ತಿ ಮಲಗಬೇಡಿ. ಎರಡು ದಿನ ಬಿಸಿನೀರಿನ ಹಂಡೆಯ ಹಬೆ, ಒಲೆಯ ಉರಿ, ಜಿಮ್ಮು, ಮದ್ಯ ದೂರವಿರಲಿ. ಕೊಡಗಿನ ಮನೆಗಳಲ್ಲಿ ಸಂಜೆಯಾದರೆ ಬಚ್ಚಲೊಲೆಯ ಮುಂದೆ ಮುಖ ಕಾಯಿಸುವುದು ಒಂದು ಸುಖ. ಆ ಎರಡು ದಿನ ಕಾಲು ಕಾಯಿಸಿ ತೃಪ್ತಿಪಡಿ. ಅರಿಶಿನ, ಲೋಳೆಸರ, ಜೇನು, ಕಾಚಂಪುಳಿ ಎಂದು ಮನೆಯ ಹಿರಿಯರು ಏನನ್ನು ಸೂಚಿಸಿದರೂ ತೂತು ಬಿದ್ದ ಚರ್ಮಕ್ಕೆ ಹಚ್ಚಬೇಡಿ. ಮರುದಿನದಿಂದ ಮೃದುವಾದ ಫೇಸ್‌ವಾಶ್, ತೇವ ಕೊಡುವ ಕ್ರೀಮು, ಸನ್‌ಸ್ಕ್ರೀನ್, ಇಷ್ಟೇ. ನಮ್ಮ ಕಂದುಬಣ್ಣದ ಚರ್ಮದಲ್ಲಿ ಸಣ್ಣ ಗಾಯವೂ ಕಪ್ಪು ಗುರುತು ಉಳಿಸುವುದರಿಂದ ಮುಂದಿನ ಒಂದು ತಿಂಗಳು ಬಿಸಿಲಿನ ಎಚ್ಚರಿಕೆ ಅರ್ಧ ಚಿಕಿತ್ಸೆಯೇ ಸರಿ.

ಕಾಯಬಾರದ ಲಕ್ಷಣಗಳು

ಸ್ವಲ್ಪ ಕೆಂಪು, ಸ್ವಲ್ಪ ಬಾವು, ಅಲ್ಲಲ್ಲಿ ನೀಲಿ ಗುರುತು ಸಹಜ. ನೀಲಿ ಹೋಗಲು ಹತ್ತು ದಿನ ಬೇಕಾಗಬಹುದು. ಚುಚ್ಚಿದ ಜಾಗ ಅಥವಾ ಅದರ ಆಚೀಚೆ ಸುಣ್ಣದಂತೆ ಬಿಳಿಚಿಕೊಂಡರೆ, ಬಲೆಯಂತೆ ನೀಲಿನೇರಳೆ ಗೆರೆಗಳು ಮೂಡಿದರೆ, ನೋವು ಕಡಿಮೆಯಾಗುವ ಬದಲು ಏರುತ್ತಲೇ ಹೋದರೆ, ಬೆರಳಿನಿಂದ ಒತ್ತಿ ಬಿಟ್ಟಾಗ ಬಣ್ಣ ಬೇಗ ಮರಳದಿದ್ದರೆ ರಕ್ತನಾಳ ಮುಚ್ಚಿರಬಹುದೆಂದು ತಿಳಿದು ತಕ್ಷಣ ವೈದ್ಯರಿಗೆ ಫೋನ್ ಮಾಡಿ. ದೃಷ್ಟಿ ಮಂಜಾದರೆ, ಒಂದು ಕಣ್ಣು ಕಾಣದಾದರೆ, ಮಾತು ತೊದಲಿದರೆ ಯಾರ ಒಪ್ಪಿಗೆಗೂ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ. 108ಕ್ಕೆ ಕರೆ ಮಾಡುವಾಗಲೇ ಮುಖಕ್ಕೆ ಏನು ಚುಚ್ಚಲಾಗಿದೆಯೆಂದು ಹೇಳಿ. ತುಟಿ ನಾಲಿಗೆ ಬಾತು ಉಸಿರು ಕಟ್ಟಿದರೂ ಹಾಗೆಯೇ. ಜ್ವರ, ಬಿಸಿಯಾದ ಕೆಂಪು, ಕೀವು ಸೋಂಕಿನ ಗುರುತುಗಳು. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಚರ್ಮದಡಿ ಗಟ್ಟಿ ಗಂಟು ಸಿಕ್ಕರೂ ಅದನ್ನು ಹಿಸುಕದೆ ತೋರಿಸಬೇಕು.

ಔಷಧಿಯ ಡಬ್ಬಿಯಲ್ಲಿ ಬ್ಯಾಚ್ ಸಂಖ್ಯೆಯ ಸ್ಟಿಕ್ಕರ್ ಇರುತ್ತದೆ. ಅದನ್ನು ಕೇಳಿ ಪಡೆದು, ದಿನಾಂಕ ಬರೆದು ಫೈಲಿನಲ್ಲಿ ಅಂಟಿಸಿ. ಮುಂದೆ ಬೇರೆ ವೈದ್ಯರ ಬಳಿಗೆ ಹೋಗಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಇದನ್ನೇ. ಮೊದಲ ಸಿಟಿಂಗಿಗೆ ಮುಂಚೆ ಮನೆಯ ಒಂದೇ ಕಿಟಕಿಯ ಪಕ್ಕ, ಒಂದೇ ಹೊತ್ತಿನಲ್ಲಿ, ಮುಖ ತೊಳೆದು ಮೂರು ದಿಕ್ಕಿನಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಕೊನೆಯ ಸಿಟಿಂಗ್ ಆಗಿ ಮೂರು ತಿಂಗಳಾದ ಮೇಲೆ ಅದೇ ಕಿಟಕಿಯ ಪಕ್ಕ ಮತ್ತೆ ತೆಗೆದು ಎರಡನ್ನೂ ಜೊತೆಗಿಟ್ಟು ನೋಡಿ, ಸಾಧ್ಯವಾದರೆ ಹೊಗಳುವ ಅಭ್ಯಾಸವಿಲ್ಲದ ಯಾರಿಗಾದರೂ ತೋರಿಸಿ. ವ್ಯತ್ಯಾಸ ಕಂಡರೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಒಂದು ಸಿಟಿಂಗ್ ಮುಂದುವರಿಸಬಹುದು. ಕಾಣದಿದ್ದರೆ, ಇನ್ನೆರಡು ಮಾಡಿಸಿದರೆ ಬಂದೀತು ಎಂಬ ಮಾತಿಗೆ ಹಣ ಕೊಡದೆ ಅಲ್ಲಿಗೆ ನಿಲ್ಲಿಸಿ, ಸನ್‌ಸ್ಕ್ರೀನ್ ಒಂದನ್ನು ಮಾತ್ರ ಮುಂದುವರಿಸಿ.